ವಾಮನ ಇಟ್ಟುಹೋದ ಕೊಡ

ನನ್ನ ಗಂಡನಿಗೆ ನನ್ನ ಮೇಲೆ ಪ್ರೀತಿ ಉಂಟೆಂದು ನನಗಿಂತ ಮೊದಲು ಗೊತ್ತಾದದ್ದು ಎದುರುಮನೆಯ ಗುಲಾಬಕ್ಕನಿಗೆ, ಅದೂ ಕಾಲು ಜಾರಿ ಬಿದ್ದು. ಬೆಳಿಗ್ಗೆ ಅಂಗಳ ಗುಡಿಸಲು ಹೊರಗೆ ಬಂದವಳು ನಮ್ಮ ಮೆಟ್ಟಿಲ ಬುಡದಲ್ಲಿ ದೊಪ್ಪನೆ ಕುಳಿತು, "ಅಯ್ಯಯ್ಯೋ ಪದ್ಮಾಕ್ಷೀ, ನಿನ್ನ ಗಂಡ ನನ್ನ ಸೊಂಟ ಮುರಿದ!" ಎಂದು ಬೊಬ್ಬೆ ಹೊಡೆದಳು. ವಾಮನ ಹಿಂದಿನ ದಿನವೇ ಹಡಗು ಹತ್ತಲು ಹೋಗಿಯಾಗಿತ್ತು. ಊರಲ್ಲೇ ಇಲ್ಲದ ಗಂಡ ಎದುರುಮನೆಯವಳ ಸೊಂಟ ಮುರಿಯುವುದು ಹೇಗೆಂದು ಓಡಿ ಬಂದು ನೋಡಿದರೆ, ಜಗಲಿಯ ಮೇಲಿನ ಕೊಡ ತುಂಬಿ ಉಕ್ಕಿ, ನೀರು ಮೆಟ್ಟಿಲಿಳಿದು ಓಣಿಯ ಅರ್ಧದವರೆಗೆ ಹರಿದು ಹೋಗಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟೆ. ಬಿದ್ದವಳನ್ನು ಎಬ್ಬಿಸಬೇಕೆಂದು ಕೂಡ ತೋಚಲಿಲ್ಲ.

ನಮ್ಮ ಊರಿಗೆ ಮೂರು ದಿಕ್ಕಿಗೂ ಕಡಲು. ಬಾವಿ ಎಲ್ಲಿ ತೋಡಿದರೂ ಉಪ್ಪುನೀರು. ಗಂಡಸರಲ್ಲಿ ಹೆಚ್ಚಿನವರು ನೌಕಾದಳದವರು. ಒಮ್ಮೆ ಹೋದರೆ ತಿಂಗಳುಗಟ್ಟಲೆ ನೀರಿನ ಮೇಲೆ. ಹೊರಡುವ ದಿನ ಗಂಡನಾದವನು ಮನೆಯ ಕೊಡವನ್ನು ಬರಿದು ಮಾಡಿ, ಒರೆಸಿ, ತನ್ನ ಕೈಯಿಂದಲೇ ಜಗಲಿಯ ಮೇಲೆ ಇಟ್ಟು ಹೋಗುತ್ತಾನೆ. ಆಮೇಲೆ ಅದನ್ನು ಯಾರೂ ಕದಲಿಸುವ ಹಾಗಿಲ್ಲ. ಅಲ್ಲಿ ಅವನು ಹೆಂಡತಿಯನ್ನು ನೆನೆದಾಗ ಇಲ್ಲಿ ಕೊಡದಲ್ಲಿ ಸಿಹಿನೀರು ಏರುತ್ತದೆ. ಅವನು ರಜೆಗೆ ಬಂದು ಮನೆಯಲ್ಲಿದ್ದಷ್ಟು ದಿನ ಕೊಡ ಒಣ. ಸಾಧಾರಣ ಗಂಡನಾದರೆ ದಿನಕ್ಕೆ ಅರ್ಧ ಕೊಡ. ಹೊಸ ಮದುವೆಯಾದರೆ ಒಂದಷ್ಟು ಕಾಲ ಕಂಠದವರೆಗೆ. ಸಾಲದ ನೀರನ್ನು ಆಚೆ ದಡದಿಂದ ಬರುವ ನೀರಿನ ದೋಣಿಯಿಂದ ಕೊಳ್ಳಬೇಕು. ದೋಣಿಕಟ್ಟೆಗೆ ದಿನವೂ ಹೋಗುವವಳ ಮನೆಯ ಕಥೆ ಊರಿಗೇ ಗೊತ್ತಾಗಿಬಿಡುವುದರಿಂದ ಹೆಂಗಸರು ಬಾಯಾರಿಕೊಂಡಾದರೂ ಇರುತ್ತಾರೆ, ಅಲ್ಲಿಗೆ ಹೋಗುವುದಿಲ್ಲ. ಒಬ್ಬರ ಕೊಡದ ಮುಚ್ಚಳವನ್ನು ಇನ್ನೊಬ್ಬರು ಎತ್ತಿ ನೋಡುವುದು ನಮ್ಮಲ್ಲಿ ದೊಡ್ಡ ಅಸಭ್ಯತೆ. ಅತ್ತೆಯಂದಿರು ನೋಡಿಯೇ ನೋಡುತ್ತಾರೆ, ಆ ಮಾತು ಬೇರೆ.

ವಾಮನ ಯುದ್ಧಹಡಗಿನ ಎಂಜಿನ್ ಕೋಣೆಯಲ್ಲಿದ್ದ. ಮೌನ ಬಂಗಾರ ಎನ್ನುವುದಾದರೆ ನನ್ನ ಗಂಡ ಒಂದು ಗಣಿ. ಮದುವೆಯಾಗಿ ಮನೆಗೆ ಬಂದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು "ಉಪ್ಪು ಕಡಿಮೆ" ಎಂದು. ನಾನು ಎರಡು ಹೊತ್ತು ಊಟ ಬಿಟ್ಟು ಸಿಟ್ಟು ತೋರಿಸಿದೆ. ಅವನಿಗೆ ಅದು ಸಿಟ್ಟು ಎಂದು ತಿಳಿಯಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದುಕೊಂಡು ಜೀರಿಗೆ ಕಷಾಯ ಮಾಡಿ ತಂದಿಟ್ಟ. ಮಾತಾಡಿಸಿದರೆ ಹೂಂ, ಮಾತಾಡಿಸದಿದ್ದರೆ ಅದೂ ಇಲ್ಲ. ಇಂಥವನು ಇಟ್ಟುಹೋಗುವ ಕೊಡದಲ್ಲಿ ಬೆವರಿನಷ್ಟು ಪಸೆಯೂ ಆಡುವುದಿಲ್ಲವೆಂದು ನಾನು ಗಟ್ಟಿಮಾಡಿಕೊಂಡಿದ್ದೆ. ಅವನು ಹೊರಟ ಸಂಜೆ ನೀರಿನ ದೋಣಿಯವನನ್ನು ಕಂಡು, ಹಿತ್ತಲ ಬಾಗಿಲಿಗೆ ತಂದುಕೊಡು ಎಂದು ಗುಟ್ಟಾಗಿ ಹೇಳಿಯೂ ಬಂದಿದ್ದೆ. ಮರುದಿನ ಬೆಳಿಗ್ಗೆ ಗುಲಾಬಕ್ಕ ಬಿದ್ದದ್ದು.

ಆ ನೀರು ನಿಲ್ಲಲೇ ಇಲ್ಲ. "ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ ಮಾಡಿದವರು ನಿನ್ನ ಜಗಲಿ ನೋಡಿರ್ಲಿಕ್ಕಿಲ್ಲ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ. ಮಲಗುವ ಕೋಣೆಯ ಮಾತು ಬೀದಿಯಲ್ಲಿ ಹರಿದಂತೆ, ಅದನ್ನು ಊರವರೆಲ್ಲ ದಾಟಿಕೊಂಡು ಹೋದಂತೆ. ಕೊಡ ಕದಲಿಸುವಂತಿಲ್ಲವಲ್ಲ, ಹಾಗಾಗಿ ಪಂಚಾಯತಿಯವರು ಮೆಟ್ಟಿಲ ಬದಿಗೆ ಕಲ್ಲಿನ ಬಾನಿ ಕೂರಿಸಿ, ಓಣಿಯ ತುದಿಯವರೆಗೆ ಕಾಲುವೆ ಮಾಡಿ, ಅಲ್ಲೊಂದು ತೊಟ್ಟಿ ಕಟ್ಟಿದರು. ಶಾಲೆಯವರು ಬಂದರು, ಹೋಟೆಲಿನವರು ಬಂದರು. ಎಂದೂ ಹೂ ಕಾಣದ ಊರಿನಲ್ಲಿ ಮಲ್ಲಿಗೆ ಬಳ್ಳಿ ಹಬ್ಬಿತು, ಬಸಳೆ ಚಪ್ಪರ ಎದ್ದಿತು. ನೀರಿನ ದೋಣಿ ಬರುವುದೇ ನಿಂತಿತು. ಅನ್ನಕ್ಕೆ ಅಕ್ಕಿ ತೊಳೆಯುವಾಗ ಹೆಂಗಸರು "ಪದ್ಮಾಕ್ಷಿಯ ಗಂಡ ತಣ್ಣಗಿರಲಿ" ಎಂದು ಹೇಳುವುದು ರೂಢಿಯಾಯಿತು. ಸುಳ್ಳೇಕೆ, ನಾಚಿಕೆ ಹೋಗಿ ನಿಧಾನಕ್ಕೆ ನನಗೆ ಸೊಕ್ಕು ಬಂತು.

ಹಡಗು ಯಾವುದಾದರೂ ಬಂದರಿಗೆ ಬಂದರೆ ವಾಮನ ಫೋನು ಮಾಡುತ್ತಿದ್ದ. ನಾನು ಜಗಲಿಯ ಬಾಗಿಲಲ್ಲಿ, ಫೋನಿನ ತಂತಿ ಎಳೆದುಕೊಂಡು, ಕೊಡ ಕಾಣುವ ಹಾಗೆ ಕೂರುತ್ತಿದ್ದೆ. ಆ ಕಡೆಯಿಂದ "ಊಟ ಆಯ್ತಾ?" ಎನ್ನುತ್ತಿದ್ದ. ಆಯ್ತು, ನೀರು ಚೆನ್ನಾಗಿ ಬರ್ತಾ ಉಂಟು ಎನ್ನುತ್ತಿದ್ದೆ. "ಸರಿ. ಇಡ್ತೇನೆ" ಎನ್ನುತ್ತಿದ್ದ. ಅಷ್ಟೇ. ಅಷ್ಟು ಹೇಳುವಾಗ ಕೊಡ ಬುಗ್ಗೆಯಂತೆ ಉಕ್ಕಿ ಜಗಲಿಯೆಲ್ಲ ಒದ್ದೆಯಾಗುತ್ತಿತ್ತು. ಇಡ್ತೇನೆ ಎಂದವನು ಇಡುತ್ತಲೂ ಇರಲಿಲ್ಲ. ಬಂದರಿನ ಗದ್ದಲ, ಹಡಗಿನ ಕೂಗು ಕೇಳಿಸುತ್ತಲೇ ಇರುತ್ತಿತ್ತು. ಎಂಜಿನ್ ಬಿಚ್ಚಿ ಜೋಡಿಸುವವನಿಗೆ ಫೋನು ಸರಿಯಾಗಿ ಇಡಲು ಬರುವುದಿಲ್ಲವೆಂದು ನಗುತ್ತ ನಾನೇ ಇಟ್ಟುಬಿಡುತ್ತಿದ್ದೆ.

ಹದಿನೈದು ವರ್ಷದ ಸೇವೆ ಮುಗಿಸಿ ಅವನು ಈ ಸಲ ಶಾಶ್ವತವಾಗಿ ಮನೆಗೆ ಬಂದ. ಕಬ್ಬಿಣದ ಟ್ರಂಕನ್ನು ಮಂಚದಡಿಗೆ ತಳ್ಳಿ, ಬನಿಯನ್ನಿನಲ್ಲಿ ಜಗಲಿಯ ಮೇಲೆ ಕುಳಿತ. ಕೊಡ ಒಣಗಿತು. ಕಾಲುವೆ ಒಣಗಿತು. ಮೊದಲೆಲ್ಲ ರಜೆಗೆ ಬಂದಾಗ ತೊಟ್ಟಿಯ ನೀರಲ್ಲಿ ಊರು ದಿನ ದೂಡುತ್ತಿತ್ತು. ಈಗ ತೊಟ್ಟಿಯೂ ತಳ ಕಂಡಿತು. ನಾನಂತೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗಂಡ ಮನೆಯಲ್ಲಿದ್ದಾನೆ, ಉಳಿದವರ ಮನೆಗಳಲ್ಲಿ ಅವರವರ ಕೊಡ ಉಂಟಲ್ಲ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಪಂಚಾಯತಿಯ ಅಧ್ಯಕ್ಷ ನರಸಿಂಹಣ್ಣ ನಾಲ್ಕಾರು ಮಂದಿಯನ್ನು ಕಟ್ಟಿಕೊಂಡು ಬಂದರು. ಜೊತೆಗೆ ಗುಲಾಬಕ್ಕನೂ ಇದ್ದಳು. ಸನ್ಮಾನಕ್ಕೆ ಕರೆಯಲು ಬಂದಿರಬೇಕೆಂದು ನಾನು ಇದ್ದ ಚೂರು ನೀರಲ್ಲಿ ಕಾಫಿ ಮಾಡಿದೆ. ನರಸಿಂಹಣ್ಣ ಲೋಟ ಕೆಳಗಿಟ್ಟರು.

"ತಪ್ಪು ತಿಳೀಬೇಡಿ ಪದ್ಮಕ್ಕ. ವಾಮನಣ್ಣ ಬಂದದ್ದು ನಮಗೆಲ್ಲ ಸಂತೋಷವೇ. ಆದ್ರೆ ಊರು ಎಂತ ಕುಡಿಯುವುದು? ನಾನೊಂದು ಸರಕುಹಡಗಿನವರ ಹತ್ರ ಮಾತಾಡಿದ್ದೇನೆ. ಎಂಜಿನ್ ಕೆಲಸ ಗೊತ್ತಿದ್ದವರು ಅವರಿಗೆ ಬೇಕಂತೆ. ಬರುವ ವಾರವೇ ಹೊರಡ್ಬಹುದು."

ಮೊದಲು ನಾನು ನಕ್ಕೆ. ಯಾರೂ ನಗದಿರುವುದನ್ನು ನೋಡಿದ ಮೇಲೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. ನನ್ನ ಜಗಲಿಯ ನೀರು ಕುಡಿದು ಬೆಳೆದ ಮಕ್ಕಳ ತಂದೆಯಂದಿರು ಅವರು. ಕುಡಿದ ಮನೆಗೆ ಹೀಗೂ ಎರಡು ಬಗೆಯಬಹುದೇ?

"ನನ್ನ ಗಂಡ ಎಂತ ಪಂಪ್‌ಸೆಟ್ಟಾ?" ಎಂದೆ. "ನಿಮಗೆ ಬೇಕಾದಾಗ ಕಡಲಿಗೆ ಇಳಿಸಿ ಸ್ವಿಚ್ ಹಾಕ್ಲಿಕ್ಕೆ? ಬೇರೆ ಮನೆಗಳಲ್ಲಿ ಕೊಡ ಇಲ್ವಾ? ಅವರ ಗಂಡಂದಿರು ಕಡಲಲ್ಲಿ ಇಲ್ವಾ?"

ಗುಲಾಬಕ್ಕ ಎದ್ದು ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಬಾಗಿಲು ಓರೆ ಮಾಡಿ, ನೆಲದ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ನಮ್ಮ ಕೊಡದ ಮುಚ್ಚಳ ತೆಗೆದದ್ದು ಯಾವತ್ತಾದ್ರೂ ನೋಡಿದ್ದೀಯಾ ನೀನು?"

"ನೋಡ್ಬಾರದಲ್ಲ."

"ಅದರಲ್ಲಿ ಜೇಡ ಬಲೆ ಕಟ್ಟಿದೆ ಪದ್ಮಾ. ನನ್ನ ಗಂಡ ಸುಬ್ರಾಯ ಹಡಗು ಹತ್ತಿದ್ರೆ ಅವನಿಗೆ ನಾನು ಸತ್ತ ಹಾಗೆ. ನಿನ್ನ ನೀರು ಬರ್ಲಿಕ್ಕೆ ಶುರುವಾಯ್ತು, ನನ್ನ ಮಾನ ಉಳೀತು. ಎಲ್ಲರೂ ತೊಟ್ಟಿಯಿಂದಲೇ ತರುವುದಾದ್ರೆ ಯಾರ ಕೊಡ ಒಣ, ಯಾರದ್ದು ಹಸಿ ಅಂತ ಯಾರಿಗೆ ಗೊತ್ತಾಗ್ತದೆ? ನಾನೊಬ್ಬಳೇ ಅಲ್ಲ ಮಾರಾಯ್ತಿ. ಈ ಓಣಿಯಲ್ಲಿ ಎಷ್ಟು ಮನೆ ಉಂಟೋ ಕೇಳ್ಬೇಡ. ಇನ್ನು ನೀರಿನ ದೋಣಿ ಬಂದ್ರೆ ನಾವೆಲ್ಲ ಹಾಡುಹಗಲಲ್ಲಿ ಬಕೆಟು ಹಿಡ್ಕೊಂಡು ಕಟ್ಟೆಯಲ್ಲಿ ಸಾಲು ನಿಲ್ಬೇಕು."

ಇಷ್ಟು ವರ್ಷ ದಿನ ಬೆಳಗಾದರೆ ನನ್ನನ್ನು ಗೇಲಿ ಮಾಡಿ ನಗಿಸಿದವಳು ಇವಳು. ನಾನು ಊರಿಗೆ ನೀರು ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಕಾಲುವೆಯ ಆಚೆ ಈಚೆ ಇಷ್ಟೊಂದು ಒಣ ಕೊಡಗಳು ಮುಚ್ಚಳ ಹಾಕಿಕೊಂಡು ಕುಳಿತಿದ್ದವೆಂದು ಯಾವತ್ತೂ ಅಂದುಕೊಂಡಿರಲಿಲ್ಲ. ಗುಲಾಬಕ್ಕನ ಕೈ ಹಿಡಿದುಕೊಂಡೆ. ಆದರೂ ಗಂಡನನ್ನು ಕೊಡುತ್ತೇನೆಂದು ನನ್ನ ಬಾಯಿಂದ ಬರಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಅವರೆಲ್ಲ ಹೋದ ಮೇಲೆ ಒಳಗೆ ಏನೋ ಕರಕರ ಸದ್ದು. ಹೋಗಿ ನೋಡಿದರೆ ವಾಮನ ಮಂಚದಡಿಯಿಂದ ಟ್ರಂಕು ಎಳೆಯುತ್ತಿದ್ದ. ಅಂಗಿ ಮಡಚಿ ಇಡುತ್ತಿದ್ದ. ಊರವರು ಕಳಿಸುತ್ತೇವೆಂದದ್ದಕ್ಕಿಂತ ಇವನು ಹೊರಟದ್ದು ನನಗೆ ಹೆಚ್ಚು ಪೆಟ್ಟಾಯಿತು.

"ಎಲ್ಲಿಗೆ?" ಎಂದೆ.

"ಹೋಗ್ತೇನೆ."

"ಅಷ್ಟು ಬೇಡವಾಯ್ತಾ ನಿಮಗೆ ಈ ಮನೆ? ನಾನು ದೂರ ಇದ್ರೆ ಮಾತ್ರ ಚಂದವಾ?"

ಅವನು ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದ. ತುಂಬ ಹೊತ್ತು ಅದನ್ನೇ ಮಾಡಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ: "ಇಲ್ಲಿದ್ರೆ ನಿನಗೆ ಕೊಡ್ಲಿಕ್ಕೆ ನನ್ನ ಹತ್ರ ಎಂತದ್ದೂ ಇಲ್ಲ. ಮಾತು ಬರುದಿಲ್ಲ ನನಗೆ. ಎಂತದ್ದಾದ್ರೂ ಹೇಳ್ಬೇಕು ಅಂತ ಬಾಯಿ ತೆಗೆದ್ರೆ ಉಪ್ಪು ಹುಳಿ ಅಂತ ಬರ್ತದೆ. ಬಂದಾಗಿನಿಂದ ಆ ಒಣ ಕೊಡದ ಎದುರು ಕೂತಿದ್ದೇನೆ. ಅಲ್ಲಿದ್ರೆ ಅದಾದ್ರೂ ತುಂಬ್ತದೆ. ನಿನಗೆ ನಾನು ಅಲ್ಲಿದ್ರೇ ಉಪಯೋಗ."

ನನ್ನನ್ನು ಮದುವೆಯಾದಂದಿನಿಂದ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು, ಮತ್ತು ಅದು ಅಂಥ ಮಾತು. ನಾನು ಗೋಡೆಗೆ ಒರಗಿ ಕುಳಿತೆ. ಪಂಪ್‌ಸೆಟ್ಟಾ ಎಂದು ಊರವರಿಗೆ ಜೋರು ಮಾಡಿದ್ದೆನಲ್ಲ, ಇವನು ಇಷ್ಟು ವರ್ಷ ತನ್ನನ್ನು ಹಾಗೆಯೇ ಎಣಿಸಿಕೊಂಡಿದ್ದ. ನಾನು ಯಾವತ್ತಾದರೂ ಅವನಿಗೆ ಬೇರೆ ಏನಾದರೂ ಹೇಳಿದ್ದೆನೇ ಎಂದು ನೆನಪು ಮಾಡಿಕೊಂಡೆ. ನೀರು ಚೆನ್ನಾಗಿ ಬರುತ್ತಿದೆ ಎಂದು ಫೋನಿನಲ್ಲಿ ಹೇಳಿದ್ದು ಮಾತ್ರ ನೆನಪಾಯಿತು. ಅಳು ಬಂತು, ಅಳುವುದಕ್ಕಿಂತ ಹೆಚ್ಚು ಸಿಟ್ಟು ಬಂತು.

ಬೆಳಿಗ್ಗೆ ಎದ್ದವಳೇ ಸೀರೆ ಬದಲಿಸಿ ಜಗಲಿಗೆ ಹೋದೆ. ಅವನು ಹಲ್ಲುಜ್ಜುತ್ತ ನಿಂತಿದ್ದ. ನಾನು ಕೊಡಕ್ಕೆ ಕೈ ಹಾಕಿ ಎತ್ತಿದೆ. ಅದರ ತಳದಲ್ಲಿ ಕಲ್ಲಿನ ಮೇಲೆ ದುಂಡನೆಯ ಬಿಳಿ ಗುರುತು ಬಿದ್ದಿತ್ತು. ಕೊಡ ಬೋರಲು ಹಾಕಿ ಕೊಡವಿದೆ, ಸೆರಗಿನಿಂದ ಒಳಗೆಲ್ಲ ಒರೆಸಿದೆ, ಮತ್ತೆ ಅದೇ ಗುರುತಿನ ಮೇಲೆ ನನ್ನ ಕೈಯಿಂದ ಇಟ್ಟೆ. ವಾಮನನ ಕೈಯಲ್ಲಿದ್ದ ಬ್ರಶ್ಶು ಅಲ್ಲೇ ನಿಂತಿತು.

"ಅಕ್ಕನ ಮನೆಗೆ ಹೋಗ್ತೇನೆ. ನೀವು ಮನೆಯಲ್ಲಿರಿ. ಟ್ರಂಕು ಮುಟ್ಟಿದ್ರೆ ನೋಡಿ!" ಎಂದೆ.

ನನ್ನ ಅಕ್ಕ ರೇವತಿಯನ್ನು ಕೊಟ್ಟದ್ದು ಕಡಲ ನಡುವಿನ ದ್ವೀಪಕ್ಕೆ. ಭಾವ ಅಲ್ಲಿನ ದೀಪಸ್ತಂಭದ ಕೆಲಸದವನು. ಲಾಂಚಿನಲ್ಲಿ ಅರ್ಧ ದಿನದ ಹಾದಿ. ನಮ್ಮ ಊರಿನ ಹೆಂಗಸರು ತವರಿಗೆ, ಬಾಣಂತನಕ್ಕೆ, ಮದುವೆಗೆ ಎಂದು ಲಾಂಚು ಹತ್ತುವುದು ಹೊಸತಲ್ಲ. ಆದರೆ ಯಾವ ಹೆಂಗಸೂ ಹೊರಡುವಾಗ ಕೊಡ ಇಟ್ಟು ಹೋದದ್ದು ನಾನು ಕೇಳಿಲ್ಲ. ಇಡಬಾರದೆಂದು ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಉಳಿದ ಗಂಡಸಿಗೂ ಬಾಯಾರಿಕೆ ಆದೀತೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಓಣಿಯಲ್ಲಿ ಸುದ್ದಿ ನನಗಿಂತ ಮುಂದೆ ಓಡಿತ್ತು. ಲಾಂಚುಕಟ್ಟೆಗೆ ಗುಲಾಬಕ್ಕ ಏದುಸಿರು ಬಿಡುತ್ತ ಬಂದಳು. ನಗಲು ಬಂದಿರಬೇಕೆಂದುಕೊಂಡೆ. ಅವಳ ಮುಖ ಬಿಳಿಚಿಕೊಂಡಿತ್ತು.

"ಬೇಡ ಪದ್ಮಾ, ವಾಪಸ್ ಬಾ. ತುಂಬದಿದ್ರೆ? ತುಂಬದ ಕೊಡದ ಎದುರು ಕೂರುವುದು ಎಂತದ್ದು ಅಂತ ನನಗೆ ಗೊತ್ತುಂಟು. ದಿನಾ ಮುಚ್ಚಳ ತೆಗೆದು ನೋಡುವುದು, ದಿನಾ ಮುಚ್ಚುವುದು. ಆ ಪಾಪದವನನ್ನು ಹಾಗೆ ಕೂರಿಸ್ಬೇಡ."

ಅಲ್ಲಿಯವರೆಗೆ ನನಗೆ ಆ ಭಯವೇ ಇರಲಿಲ್ಲ. ಲಾಂಚು ಕೂಗಿತು, ಹಗ್ಗ ಬಿಚ್ಚಿದರು. ಇಳಿಯುವುದಕ್ಕೂ ಆಗಲಿಲ್ಲ.

ಕಡಲ ಮೇಲೆ ನಾನು ಸೆರಗು ಬಿಗಿಯಾಗಿ ಹಿಡಿದುಕೊಂಡು ಕುಳಿತು ಗಂಡನನ್ನು ಪ್ರೀತಿಯಿಂದ ನೆನೆಯಲು ಪ್ರಯತ್ನಿಸಿದೆ. ನೆನಪೇನು ಕರೆದ ಕೂಡಲೇ ಬರುವ ನಾಯಿಯೇ? ಅವನ ಬೆನ್ನು ನೆನಪಾಯಿತು, ಬನಿಯನ್ನಿನ ತೂತು ನೆನಪಾಯಿತು, ಉಂಡ ತಟ್ಟೆಯಲ್ಲೇ ಕೈ ತೊಳೆಯುವುದು ನೆನಪಾಗಿ ಸಿಟ್ಟು ಬಂತು. ಉಳಿದಂತೆ ನೆನಪಾದದ್ದೆಲ್ಲ ನೀರು. ಉಕ್ಕುವ ಕೊಡ, ಹರಿಯುವ ಕಾಲುವೆ, ಹೊಗಳುವ ಜನ. ಇಷ್ಟು ವರ್ಷ ನಾನು ಪ್ರೀತಿಸಿದ್ದು ಆ ಕೊಡವನ್ನೋ, ಕೊಡ ಇಟ್ಟವನನ್ನೋ? ಹೆಂಗಸರು ಕಟ್ಟೆಯಲ್ಲಿ ಸಾಲು ನಿಂತರೆ ನಿಲ್ಲಲಿ. ವಾಮನ ಒಬ್ಬನೇ ಜಗಲಿಯಲ್ಲಿ ಬಗ್ಗಿ ಬಗ್ಗಿ ಕೊಡ ನೋಡುವುದು ಕಣ್ಣಿಗೆ ಕಟ್ಟಿ ನಾನು ಲಾಂಚಿನ ಕಂಬಿಗೆ ಹಣೆ ಒತ್ತಿಕೊಂಡೆ. ತುಂಬದಿದ್ದರೆ ಅವನು ಟ್ರಂಕು ತೆಗೆದುಕೊಂಡು ಹೋಗುತ್ತಾನೆ. ಮತ್ತೆ ರಜೆಗೂ ಬರುವುದಿಲ್ಲ.

ಅಕ್ಕ ಏನೂ ಕೇಳಲಿಲ್ಲ. ಕೈಕಾಲು ತೊಳೆಯಲು ನೀರು ಕೊಟ್ಟು, ಎಲೆ ಹಾಕಿ, ಬಂಗುಡೆ ಮೀನಿನ ಸಾರು ಬಡಿಸಿದಳು. ನಾನು ಒಂದು ತುತ್ತು ಬಾಯಿಗಿಟ್ಟೆ.

"ಉಪ್ಪು ಕಡಿಮೆ" ಎಂದೆ.

ಅಕ್ಕ ಸೌಟು ಹಿಡಿದುಕೊಂಡೇ ನನ್ನನ್ನು ದಿಟ್ಟಿಸಿದಳು. "ಎಂತ ಹೇಳಿದೆ?"

ನಾನೂ ಬೆಚ್ಚಿಬಿದ್ದಿದ್ದೆ. ಅದು ನನ್ನ ಮಾತಲ್ಲ, ಅವನದ್ದು. ಅವನ ಹಾಗೆಯೇ ತಲೆ ಎತ್ತದೆ ಹೇಳಿದ್ದೆ. ಆ ಮಾತು ಹೇಳಿದ ದಿನ ಅವನು ತಟ್ಟೆ ಖಾಲಿ ಮಾಡಿ, ಮತ್ತೆ ಬಡಿಸಿಕೊಂಡು ಉಂಡಿದ್ದ. ಆಮೇಲೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಊದಿ ಊದಿ ಜೀರಿಗೆ ಕಷಾಯ ಕಾಯಿಸಿದ್ದ. ಹೊಗೆಗೆ ಅವನ ಕಣ್ಣು ಕೆಂಪಾಗಿತ್ತು. ಲೋಟವನ್ನು ನನ್ನ ತಲೆದೆಸೆಯಲ್ಲಿಟ್ಟು, ನಾನು ಕುಡಿಯುವವರೆಗೆ ಬಾಗಿಲ ಹತ್ತಿರ ನಿಂತೇ ಇದ್ದ. ಬಿಸಿ ಹೆಚ್ಚಾಯಿತೇ ಎಂದು ಕೂಡ ಕೇಳಲು ಬಾರದ ಮನುಷ್ಯ. ನನ್ನ ಎಂಜಲು ಕೈ ಎಲೆಯ ಮೇಲೆ ಹಾಗೇ ನಿಂತಿತು, ಕಣ್ಣು ಧಾರಾಕಾರ ಸುರಿಯಿತು. ಅವನು ಬೇಕು ಅನಿಸಿತು. ಆ ಹೊಗೆ, ಆ ಬೆನ್ನು, ಬನಿಯನ್ನಿನ ತೂತು ಸಮೇತ ಬೇಕು ಅನಿಸಿತು. ಅಷ್ಟು ಬಯಕೆ ನನ್ನೊಳಗೆ ಇತ್ತೆನ್ನುವುದೇ ನನಗೆ ಆಘಾತ.

ಕೈ ತೊಳೆದು ಭಾವನ ಕಚೇರಿಕೋಣೆಗೆ ಓಡಿ ಮನೆಗೆ ಫೋನು ಮಾಡಿದೆ. ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ಹೊರಟೇಹೋದನೇ? ಆಗ ಯಾರೋ ಎತ್ತಿದರು. ಉಸಿರು ಮಾತ್ರ.

"ನಾನು" ಎಂದೆ.

"ಪದ್ಮಾ..." ವಾಮನನ ದನಿ ಚಿಕ್ಕ ಮಗುವಿನದರಂತೆ ಇತ್ತು. "ಇದೆಂತದು? ಈಗ, ಒಂದು ಸ್ವಲ್ಪ ಹೊತ್ತಿಗೆ ಮೊದಲು... ನಾನು ಸುಮ್ಮನೆ ಕೂತಿದ್ದೆ. ಬೆಳಗ್ಗಿಂದ ಒಂದು ಹನಿ ಇರ್ಲಿಲ್ಲ, ಟ್ರಂಕಿಗೆ ಬೀಗ ಹಾಕಿಯೂ ಆಗಿತ್ತು. ಒಮ್ಮೆಲೇ ಬಂತು ಮಾರಾಯ್ತಿ. ಕೊಡ ಕಾಣುದಿಲ್ಲ ಈಗ. ಮೆಟ್ಟಿಲು ಕಾಣುದಿಲ್ಲ. ನನ್ನ ಮೊಣಕಾಲಿನವರೆಗೆ ಉಂಟು. ಗುಲಾಬಕ್ಕ ಅಲ್ಲಿ ಓಣಿಯಲ್ಲಿ ನಿಂತು ಅಳ್ತಿದ್ದಾಳೆ, ನಗ್ತಿದ್ದಾಳೆ, ಎಂತದೋ. ಪದ್ಮಾ, ಇದು ಯಾರದ್ದು?"

ಯಾರದ್ದು ಎಂದು ಕೇಳಿದ. ತನ್ನ ಜಗಲಿಯಲ್ಲಿ, ತನ್ನ ಕಾಲ ಸುತ್ತ ತಿರುಗುವ ನೀರಿನಲ್ಲಿ ನಿಂತುಕೊಂಡು, ಯಾರಿಗೋ ಬಂದದ್ದು ತಪ್ಪಿ ತನ್ನಲ್ಲಿಗೆ ಬಂದಿರಬೇಕೆನ್ನುವ ಹಾಗೆ ಕೇಳಿದ. ನನಗೆ ಹೇಳಬೇಕಾದದ್ದು ಬೇಕಾದಷ್ಟಿತ್ತು. ಊರಿಡೀ ಬಾಯಿಬಡುಕಿ ಎಂದು ಹೆಸರಾದವಳು ನಾನು. ಬಾಯಿ ತೆರೆದೆ.

"ಊಟ ಆಯ್ತಾ?" ಎಂದೆ.

"ಇಲ್ಲ."

"ಸರಿ. ಇಡ್ತೇನೆ."

ಆದರೆ ಇಡಲಿಲ್ಲ. ಅವನೂ ಇಡಲಿಲ್ಲ. ಆ ಕಡೆಯಲ್ಲಿ ನೀರು ಹರಿಯುವ ಸದ್ದು ಕೇಳುತ್ತಲೇ ಇತ್ತು.